ಶಾಂಭವಿಗೆ ಹೇಳಬಾರದು

ಫೋನು ಟುಂಯ್ ಎಂದಿತು. ಗುರುಬಸವರಾಜ ಅದನ್ನು ಮೇಜಿನ ಅಂಚಿನ ಕೆಳಗೆ ಹಿಡಿದು ಓದಿದ. ಎರಡೇ ಕ್ಷಣ. ಆಮೇಲೆ ತಲೆ ಎತ್ತಿ ಬಲು ಮೆತ್ತಗೆ ಕೇಳಿದ.

“ನಿಮ್ಮ ಅವ್ವಾರ ಕಣ್ಣು ಹೆಂಗದಾವ್ರಿ ಈಗ? ದಿನಾ ಡ್ರಾಪ್ಸ್ ಹಾಕ್ಕೊಳ್ತಾರಿಲ್ಲೋ?”

ಶಾಂಭವಿಯ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಿಶ್ಚಿತಾರ್ಥವಾಗಿ ಎರಡು ತಿಂಗಳಾಗುತ್ತ ಬಂದ ಹುಡುಗ, ಅತ್ತೆಯಾಗುವವರ ಕಣ್ಣಿನ ಬಗ್ಗೆ ಕೇಳಿದರೆ ಯಾವ ಹುಡುಗಿಗಾದರೂ ಹಿತವೇ. ಆದರೆ ಇವತ್ತು ಇದು ಮೂರನೇ ಸಲ. ಮೊದಲು ಫೋನು ಸದ್ದು ಮಾಡುತ್ತಿತ್ತು. ಆಮೇಲೆ ಅವನಿಗೆ ಅಕ್ಕರೆ ಬರುತ್ತಿತ್ತು.

“ಯಾರದ್ರಿ ಮೆಸೇಜು?” ಅವಳು ಕೇಳಿದಳು.

“ಮೆಸೇಜ್ ಅಲ್ರಿ. ಕೆಲ್ಸ ನೆನಪು ಮಾಡೋ ಅಪ್ಲಿಕೇಶನ್ನು. ಯಾರ ಮೋಟರು ಯಾವತ್ತು ಕೊಡಬೇಕು ಅಂತ ಬರದಿಟ್ರ, ಆ ಹೊತ್ತಿಗೆ ಒದರತೈತಿ.”

“ನಮ್ಮವ್ವನ ಕಣ್ಣೂ ಮೋಟರಾತೇನ್ರಿ?”

ಅವನ ಕಿವಿ ಕೆಂಪಾದವು. ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. ಆ ಅರ್ಧ ನಗು ಅವಳಿಗೆ ಇಷ್ಟವಾಯಿತು. ಇಷ್ಟವಾದದ್ದರ ಮೇಲೆಯೇ ಅನುಮಾನವೂ ಬಂತು.

ಅನುಮಾನ ಅವಳ ಕೆಲಸದ ಭಾಗ. ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡ್ ಎದುರಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಐದು ವರ್ಷದಿಂದ ಟೆಕ್ನಿಷಿಯನ್. ಬಂದವರು “ನನಗೇನೂ ಆಗಿಲ್ರಿ” ಅನ್ನುತ್ತಿದ್ದರು. ಗಾಜಿನ ಪಟ್ಟಿಯ ಮೇಲಿನ ಒಂದು ಹನಿ ರಕ್ತ ಬೇರೆಯೇ ಹೇಳುತ್ತಿತ್ತು. ಬಾಯಿಮಾತನ್ನು ಪೂರ್ತಿ ನಂಬುವ ಅಭ್ಯಾಸ ಅವಳಿಗೆ ಎಂದೋ ಬಿಟ್ಟುಹೋಗಿತ್ತು.

ಗುರುಬಸವರಾಜನದು ಕೊಟ್ಟೂರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಪ್ರತಿ ಮಂಗಳವಾರ ಬೈಕಿನಲ್ಲಿ ಬರುತ್ತಿದ್ದ. ಲ್ಯಾಬಿನ ಪಕ್ಕದ ಹೋಟೆಲಿನಲ್ಲಿ ಅರ್ಧ ತಾಸು, ಎರಡು ಚಹಾ, ಒಂದು ಪ್ಲೇಟ್ ಮಿರ್ಚಿ. ವೈಶಾಖದಲ್ಲಿ ಮದುವೆ.

ಅವನು ಹೋದ ಮೇಲೆ ಬೈಕಿನ ಸದ್ದು ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಒಂದು ಮನಸ್ಸು ಅವನ ಹಿಂದೆ ಓಡುತ್ತಿತ್ತು. ಇನ್ನೊಂದು, ಅವನ ಮಾತುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿತ್ತು.

*

ಮರುದಿನ ಲ್ಯಾಬಿಗೆ ಬೇಕಾದ ಸಾಮಾನು ತರಲು ಹರಪನಹಳ್ಳಿಗೆ ಹೋದವಳು, ದಾದಾಪೀರ್‌ನ ಮೊಬೈಲ್ ಅಂಗಡಿ ಹುಡುಕಿದಳು. ಆ ಅಪ್ಲಿಕೇಶನ್ ಹಾಕಿಕೊಟ್ಟವನು ಅವನೇ ಎಂದು ಗುರುಬಸವರಾಜ ಮಾತಿನ ನಡುವೆ ಹೇಳಿದ್ದ.

“ನನಗೂ ಅದನ್ನ ಹಾಕಿಕೊಡ್ರಿ,” ಎಂದು ತನ್ನ ಫೋನು ಮುಂದಿಟ್ಟಳು.

ದಾದಾಪೀರ್ ಬ್ಲೂಟೂತ್‌ನಲ್ಲಿ ಕಳಿಸುತ್ತ ನಕ್ಕ. “ಎಲ್ಲಾರೂ ಹಾಕಿಸ್ಕೊಂತಾರ್ರಿ ಅಕ್ಕಾ. ನಾಕು ದಿನ ಬರದು ಬಿಟ್ಟುಬಿಡ್ತಾರ. ಕೊಟ್ಟೂರಿನ ಗುರು ಅಣ್ಣ ಒಬ್ಬಾತನ ನೋಡ್ರಿ, ಹೋದ ವರ್ಷದಿಂದ ಬಿಟ್ಟಿಲ್ಲ. ದಿನಕ್ಕ ಮೂವತ್ತು ಬರೀತಾನ. ಮೆಮೊರಿ ತುಂಬೈತಿ ಅಂತ ಎರಡು ಸಲ ಬಂದಿದ್ದ.”

“ಹೋದ ವರ್ಷ ಏನಾತ್ರಿ?”

ದಾದಾಪೀರ್‌ನ ನಗು ಇಳಿಯಿತು. ಗಾಜಿನ ಮೇಲಿನ ಇಲ್ಲದ ಧೂಳು ಒರೆಸಿದ. “ಅದನ್ನ... ಅಣ್ಣನ್ನೇ ಕೇಳ್ರಿ.”

ಅವಳು ಆ ಅಪ್ಲಿಕೇಶನ್ನನ್ನು ಒಂದು ವಾರ ಬಳಸಿ ನೋಡಿದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಬೇಕು, ಒಂದು ಸಾಲಿಗೆ ಹೆಬ್ಬೆರಳು ನೋಯುತ್ತದೆ. ಆದರೆ ಊಟವಾದ ಮೇಲಿನ ಶುಗರ್ ಪರೀಕ್ಷೆಗೆ ಯಾರನ್ನು ಎಷ್ಟು ಹೊತ್ತಿಗೆ ಕರೆಯಬೇಕು ಅಂತ ಬರೆದಿಟ್ಟರೆ, ಸರಿಯಾದ ಹೊತ್ತಿಗೆ ಕೂಗುತ್ತಿತ್ತು. ಮುಗಿದ ಕೆಲಸಕ್ಕೆ ಟಿಕ್ ಹಾಕಿದರೆ ಮನಸ್ಸಿಗೊಂದು ಸಣ್ಣ ಖುಷಿ. ಬೇಡವಾದ ಕೆಲಸವನ್ನು ‘ನಂತರ’ ಎಂದು ತಳ್ಳಬಹುದು. ಆದರೆ ಎಷ್ಟು ಸಲ ತಳ್ಳಿದಿರಿ ಎಂದು ಅದು ಪಕ್ಕದಲ್ಲೇ ಎಣಿಸಿ ತೋರಿಸುತ್ತಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಅವಳು ಆರು ದಿನದಲ್ಲಿ ಆರು ಸಲ ತಳ್ಳಿದಳು.

ಒಂದು ಮಾತು ಮಾತ್ರ ಅವಳಿಗೆ ಖಾತ್ರಿಯಾಯಿತು. ಈ ಯಂತ್ರ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾರೋ ಕೂತು ಬರೆದಿರಬೇಕು.

*

ಮುಂದಿನ ಮಂಗಳವಾರ ಅವನ ಫೋನಿನ ಬ್ಯಾಟರಿ ಮುಗಿದಿತ್ತು. ಲ್ಯಾಬಿನಲ್ಲಿ ಚಾರ್ಜಿಗೆ ಹಾಕಿ, “ಇಲ್ಲೇ ಒಂದು ಬೋರ್‌ವೆಲ್ ನೋಡಿ ಬರ್ತೀನ್ರಿ, ಅರ್ಧ ತಾಸು,” ಎಂದು ಹೋದ.

ಹತ್ತು ನಿಮಿಷಕ್ಕೆ ಟುಂಯ್ ಎಂದಿತು.

ನೋಡಬಾರದು ಎಂದುಕೊಂಡಳು. ಕೈ ತೊಳೆದಳು, ಒರೆಸಿಕೊಂಡಳು. ಆಮೇಲೆ ನೋಡಿದಳು.

ಪರದೆಯ ಮೇಲೆ ಮೂರು ಪಟ್ಟಿಗಳು. ಅಂಗಡಿ. ಮನಿ. ಶಾಂಭವಿ.

ತನ್ನ ಹೆಸರು ಮೋಟರುಗಳ ಪಕ್ಕದಲ್ಲಿ ಕೂತಿರುವುದನ್ನು ಕಂಡು ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಒತ್ತಿದಳು.

‘ಗಾಜಿನ ಬಳಿ ಬ್ಯಾಡ ಅಂದಾಳ. ಲ್ಯಾಬಿನ್ಯಾಗ ಒಡೀತಾವ.’ ಟಿಕ್.

‘ನಗುವಾಗ ಬಾಯಿಗೆ ಕೈ ಇಡ್ತಾಳ. ಅದಕ್ಕ ಚಾಷ್ಟಿ ಮಾಡಬಾರದು.’ ಟಿಕ್.

‘ಮಂಗಳವಾರ, ನಾಕೂವರಿ. ಅವ್ವನ ಕಣ್ಣು ಕೇಳು.’ ಟಿಕ್.

‘ನೀಲಿ ಸೀರಿ ಚಂದ ಕಾಣತೈತಿ ಅಂತ ಹೇಳು.’ ಟಿಕ್.

ಆ ನೀಲಿ ಸೀರೆಯ ಮಾತು! ಹದಿನೈದು ದಿನ ಅವಳು ಅದನ್ನು ಎದೆಯಲ್ಲಿಟ್ಟುಕೊಂಡು ಓಡಾಡಿದ್ದಳು. ಕನ್ನಡಿಯ ಮುಂದೆ ಅದೇ ಸೀರೆಯ ಸೆರಗನ್ನು ಎರಡು ಸಲ ಹೊದ್ದು ನೋಡಿದ್ದಳು. ಅವನಿಗೆ ಅದು ಟಿಕ್ ಹಾಕಿ ಮುಗಿಸಿದ ಒಂದು ಕೆಲಸ.

ಕೊನೆಯ ಸಾಲು ಕೆಂಪಗಿತ್ತು. ‘ಪ್ರತಿ ಗುರುವಾರ, ಸಂಜಿ ನಾಕು. ಗುಡೇಕೋಟೆ. ಪಾ. ಶಾಂಭವಿಗೆ ಹೇಳಬಾರದು.’

ಅವಳು ಫೋನನ್ನು ಇದ್ದಲ್ಲೇ ಇಟ್ಟಳು.

ಅವನು ಧೂಳು ತುಂಬಿದ ಕೂದಲು ಕೊಡವುತ್ತ ಬಂದಾಗ, ಸುಮ್ಮನೆ ಕೇಳುವವಳಂತೆ ಕೇಳಿದಳು. “ಗುರುವಾರ ನಮ್ಮ ಲ್ಯಾಬಿಗೆ ರಜಾ ಐತ್ರಿ. ಕೊಟ್ಟೂರಿಗೆ ಬರ್ಲೇನು?”

ಅವನ ಕಣ್ಣು ಒಮ್ಮೆ ಫೋನಿನ ಕಡೆ ಹೋಗಿ ಬಂತು. “ಗುರುವಾರ... ಬಳ್ಳಾರಿಗೆ ಹೋಗ್ತೀನ್ರಿ. ತಂತಿ ತರಾಕ.”

ಅವನಿಗೆ ಸುಳ್ಳು ಹೇಳಲೂ ಬರುತ್ತಿರಲಿಲ್ಲ. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೇ.

*

ಗುರುವಾರ ಮಧ್ಯಾಹ್ನ ಶಾಂಭವಿ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಗುಡೇಕೋಟೆಯಲ್ಲಿ ಇಳಿದಾಗ ಮೂರು ಗಂಟೆ. ಬಂಡೆಗಳ ಮೇಲೆ ಬಿಸಿಲು ಕುಣಿಯುತ್ತಿತ್ತು. ದಾರಿಯುದ್ದಕ್ಕೂ ಅವಳು ‘ಪಾ’ ಎಂಬ ಅಕ್ಷರಕ್ಕೆ ಮುಖ ಕಟ್ಟುತ್ತ ಬಂದಿದ್ದಳು. ಪಾರ್ವತಿ. ಪಾವನಿ. ಬೆಳ್ಳಗಿನವಳು, ಉದ್ದ ಜಡೆಯವಳು, ಪಟ್ಟಿ ನೋಡದೆಯೇ ಅವನು ಮಾತಾಡುವಂಥವಳು.

ಬಸ್ಸು ನಿಲ್ಲುವಲ್ಲಿನ ಅಂಗಡಿಯಲ್ಲಿ ಕೇಳಿದಳು. “ಕೊಟ್ಟೂರಿನಿಂದ ಬೈಕಿನ್ಯಾಗ ಒಬ್ರು ಬರ್ತಾರಲ್ರಿ ಗುರುವಾರಕ್ಕೊಮ್ಮೆ, ಮೋಟರ್ ಅಂಗಡಿಯವ್ರು...”

“ಗುರು ಅಲ್ಲೇನು?” ಅಂಗಡಿಯ ಹೆಂಗಸು ಕೈ ಚಾಚಿದಳು. “ಪಾಲಮ್ಮನ ಮನಿಗೆ ಬರ್ತಾನ. ಆ ಹುಣಸಿಮರದ ಹಿಂದ ಐತಿ ನೋಡವ್ವ.”

ಹುಣಸೆಮರದ ಹಿಂದೆ, ಕಟ್ಟೆಯ ಮೇಲೆ ಕೂತು ಕುರಿಮರಿಯೊಂದರ ಕಾಲಿಗೆ ಅರಿಶಿನ ಹಚ್ಚುತ್ತಿದ್ದವಳಿಗೆ ಅರವತ್ತು ದಾಟಿತ್ತು. ಬಾಯಲ್ಲಿ ಎಲೆಅಡಿಕೆ. ಮುಂದಿನ ಎರಡು ಹಲ್ಲು ಇರಲಿಲ್ಲ.

ಶಾಂಭವಿ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಮಾತುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು.

“ಯಾರವ್ವ ನೀನು?”

“ಗುರುಬಸವರಾಜ ಅವ್ರಿಗೆ... ನನ್ನ ಕೊಡಬೇಕಂತ ಮಾಡ್ಯಾರ.”

ಪಾಲಮ್ಮ ಮರಿಯನ್ನು ಕೆಳಗಿಳಿಸಿ, ಅವಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿಕೊಂಡಳು. “ಹಾಂಗಾರ ಹೇಳಿದ್ನೇನು ನಿನಗ? ಶಾಣ್ಯಾ ಆದ ಬಿಡು.”

“ನೀವೇ ಹೇಳ್ರಿ ಅಮ್ಮಾ. ಅವ್ರು ಏನೂ ಹೇಳಿಲ್ಲ.”

ಮುದುಕಿ ಅವಳ ಮುಖವನ್ನೇ ನೋಡಿದಳು. ಹೇಳಬಹುದೋ ಬೇಡವೋ ಎಂದು ಅವಳಿಗೂ ಅನುಮಾನ. ಕೊನೆಗೆ ಎಲೆಅಡಿಕೆ ಉಗುಳಿ ಬಂದು ಹೇಳತೊಡಗಿದಳು.

ಹೋದ ವರ್ಷ ಈ ರಸ್ತೆಯ ತಿರುವಿನಲ್ಲಿ ಅವನ ಬೈಕು ಬಿದ್ದಿತ್ತು. ಕುರಿ ಹೊಡೆದುಕೊಂಡು ಬರುತ್ತಿದ್ದ ಪಾಲಮ್ಮ ಕಂಡಾಗ ತಲೆ ಒಡೆದಿತ್ತು, ಮಾತಿರಲಿಲ್ಲ. ಸೆರಗು ಹರಿದು ಕಟ್ಟಿದಳು. ರಸ್ತೆಗೆ ಅಡ್ಡ ನಿಂತು ಲಾರಿ ನಿಲ್ಲಿಸಿ, ಆಸ್ಪತ್ರೆಯವರೆಗೂ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು.

“ಎರಡು ತಿಂಗಳಿಗೆ ಬಂದ. ಬಾಳಿಹಣ್ಣು ತಂದಿದ್ದ. ಅಮ್ಮಾ, ನೀನು ನನ್ನ ಜೀವ ಉಳಿಸಿದಿ ಅಂತ ಕಾಲು ಮುಟ್ಟಿದ. ಮುಂದಿನ ಗುರುವಾರ ಮತ್ತ ಬಂದ. ಮತ್ತ ಬಾಳಿಹಣ್ಣು, ಮತ್ತ ಅದಾ ಮಾತು. ಎಷ್ಟು ಒಳ್ಳೆ ಹುಡುಗ ಅಂದ್ಕಂಡೆ. ಮೂರನೇ ವಾರಾನೂ ಅದನ್ನೇ ಹೇಳಿದಾಗ ಅಂದೆ, ತಮ್ಮಾ, ಇದನ್ನ ನೀ ನನಗ ಹೇಳೀಯಪ್ಪಾ ಅಂತ.” ಪಾಲಮ್ಮ ಮೂಗು ಒರೆಸಿಕೊಂಡಳು. “ಈ ಕಟ್ಟಿ ಮ್ಯಾಲೆ ಕುಂತು ಸಣ್ಣ ಹುಡುಗನಂಗ ಅತ್ತ. ಅವನಿಗೆ ಬಂದಿದ್ದೇ ನೆನಪಿಲ್ಲ. ಆಮ್ಯಾಲೆ ಆ ಫೋನ್ ತಗಂಡ. ಈಗ ಎಲ್ಲಾ ಅದರಾಗ ಬರದಿಡ್ತಾನ. ನನ್ನ ನೋಡಾಕ ಬರೋದು ಮಾತ್ರ ಬಿಟ್ಟಿಲ್ಲ.”

ತಲೆಗೆ ಪೆಟ್ಟಾದವರನ್ನು ಶಾಂಭವಿ ಲ್ಯಾಬಿನಲ್ಲಿ ನೋಡಿದ್ದಳು. ಹಳೆಯದೆಲ್ಲ ನೆಟ್ಟಗಿರುತ್ತದೆ, ಕೈಗೆ ಕಲಿತ ಕೆಲಸ ಹೋಗಿರುವುದಿಲ್ಲ. ನಿನ್ನೆ ಮೊನ್ನೆಯದು ಮಾತ್ರ ನಿಲ್ಲದು.

ಬೈಕಿನ ಸದ್ದಾಯಿತು.

ಗುರುಬಸವರಾಜ ಬಾಳೆಹಣ್ಣಿನ ಚೀಲ ಹಿಡಿದು ಇಳಿದವನು ಅವಳನ್ನು ನೋಡಿ ಅಲ್ಲೇ ನಿಂತ. ಪಾಲಮ್ಮ ಎದ್ದು ಕುರಿಮರಿಯೊಂದಿಗೆ ಒಳಗೆ ಹೋದಳು.

“ನಿಮಗ... ಗೊತ್ತಾತು.”

“ಬಳ್ಳಾರಿ ತಂತಿ ಸಿಕ್ತೇನ್ರಿ?”

ಅವನು ತಲೆ ತಗ್ಗಿಸಿದ. ಕಿವಿಯ ಹಿಂದೆ, ಕೂದಲಿನೊಳಗೆ ಇಳಿದುಹೋದ ಗಾಯದ ಗೆರೆ ಅವಳಿಗೆ ಮೊದಲ ಸಲ ಕಂಡಿತು.

“ಹೇಳಬೇಕಂತ ಇದ್ದೆ ರೀ.”

“ಎಲ್ಲಾರೂ ಹಾಂಗ ಅಂತಾರ.”

ಅವನು ಫೋನು ತೆಗೆದು, ‘ಮನಿ’ ಎಂಬ ಪಟ್ಟಿ ಒತ್ತಿ, ಅವಳ ಕೈಗೆ ಕೊಟ್ಟ. ಮೊಟ್ಟಮೊದಲ ಸಾಲು ‘ಶಾಂಭವಿಗೆ ನಿಜ ಹೇಳು’. ಪಕ್ಕದಲ್ಲಿ ಎಣಿಕೆ. ಅರವತ್ತಮೂರು ಸಲ ‘ನಂತರ’ ಎಂದು ತಳ್ಳಿದ್ದ. ನಿಶ್ಚಿತಾರ್ಥದ ಮರುದಿನದಿಂದ ಒಂದು ದಿನವೂ ಬಿಡದೆ ಅದು ಅವನನ್ನು ಕೂಗಿತ್ತು. ಒಂದು ದಿನವೂ ಬಿಡದೆ ಅವನು ಹೆದರಿದ್ದ.

ಅವಳ ಸಿಟ್ಟು ಸಡಿಲವಾಯಿತು. ಪೂರ್ತಿ ಹೋಗಲಿಲ್ಲ.

“ಒಂದು ಕೇಳ್ತೀನಿ, ಖರೇ ಹೇಳ್ರಿ. ನೀಲಿ ಸೀರಿ ಚಂದ ಐತಿ ಅಂದದ್ದು ನೀವೋ, ಈ ಫೋನೋ?”

“ನಿಮ್ಮನ್ನ ಆ ಸೀರ್ಯಾಗ ನೋಡಿದ ದಿನ ಬಾಯಾಗ ಮಾತು ಬರಲಿಲ್ರಿ. ಊರಿಗೆ ಹೋಗೋದ್ರಾಗ ಮರ್ತುಬಿಡ್ತೀನಿ ಅಂತ, ದಾರ್ಯಾಗ ಬೈಕ್ ನಿಲ್ಲಿಸಿ ಬರಕಂಡೆ.” ಅವನ ದನಿ ಸಣ್ಣಗಾಯಿತು. “ನಿಮ್ಮ ಬಗ್ಗೆ ಬರಿ ಅಂತ ನನಗ ಯಾವ ಅಲಾರಮ್ಮೂ ಹೇಳಿಲ್ಲ.”

ಶಾಂಭವಿ ಅವನ ಫೋನನ್ನು ಸೆರಗಿನಲ್ಲಿ ಮುಚ್ಚಿದಳು. “ಹಾಂಗಾರ ಇದಿಲ್ದ ಹೇಳ್ರಿ. ಹೋದ ಮಂಗಳವಾರ ನಾನು ಯಾವ ಬಣ್ಣ ಉಟ್ಟಿದ್ದೆ?”

“...ಹಸಿರು?”

“ಬಿಳಿ ಕೋಟು ಹಾಕಿದ್ದೆ. ನಮ್ಮಪ್ಪಗ ಸೇರದ ಪಲ್ಯ ಯಾವುದು?”

“ಗೊತ್ತಿಲ್ರಿ.”

“ನನ್ನ ಮ್ಯಾಲೆ ನಿಮಗ ಸಿಟ್ಟು ಬಂದದ್ದು ಯಾವಾಗ?”

“ಅದು... ಬಂದೇ ಇಲ್ಲ ಅನಸತೈತಿ.” ಹೇಳಿ, ಅವನೇ ಅನುಮಾನಪಟ್ಟ. “ಬಂದಿತ್ತೇನ್ರಿ?”

ಅವಳು ಬಾಯಿಗೆ ಕೈ ಇಟ್ಟು ನಕ್ಕಳು. ಕಣ್ಣು ಮಾತ್ರ ತುಂಬಿದ್ದವು. ಅವನು ಆ ಕೈಯನ್ನೇ ನೋಡುತ್ತಿದ್ದ, ಕಣ್ಣು ಕೀಲಿಸಿ, ಎಲ್ಲಿ ನೆನಪಿನಿಂದ ಜಾರಿಹೋಗುತ್ತದೋ ಎನ್ನುವ ಹಾಗೆ.

“ಮದುವಿ ಬ್ಯಾಡ ಅಂದ್ರೂ ನಾ ಏನೂ ಅನ್ನಂಗಿಲ್ರಿ,” ಎಂದ.

“ನೀವು ಅನ್ನೋದು ಆಮ್ಯಾಲೆ. ಮೊದ್ಲು ನಮ್ಮಪ್ಪಗ ಹೇಳ್ರಿ. ನನ್ನಿಂದ ಮುಚ್ಚಿಟ್ಟಂಗ ಅವ್ರಿಂದ ಮುಚ್ಚಿಡಾಕ ಬಿಡಂಗಿಲ್ಲ.”

*

ಭಾನುವಾರ ಅವನು ಬಂದ. ಶಾಂಭವಿಯ ಅಪ್ಪ ಶಿವಯೋಗಪ್ಪ, ಅವ್ವ ಕಲ್ಯಾಣಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅವನು ಫೋನು ತೆಗೆಯಲಿಲ್ಲ. ಎಲ್ಲವನ್ನೂ ಹೇಳಿದ. ನಡುವೆ ಎರಡು ಸಲ ತಪ್ಪಿದ, ತಿದ್ದಿಕೊಂಡ.

ಶಿವಯೋಗಪ್ಪ ಮಗಳ ಕಡೆ ತಿರುಗಿದ. “ನಾಳಿ ಈತ ನಿನ್ನ ಮಾತೂ ಮರೀತಾನ. ಆವಾಗ ನನ್ನ ಹತ್ರ ಬಂದು ಅಳಬಾರದು.”

“ನೀವು ನೆಟ್ಟಗಿದ್ರೂ ಅವ್ವ ಹೇಳಿದ್ದು ಯಾವುದು ನೆನಪಿಟ್ಟೀರಿ ಅಪ್ಪಾ?”

ಕಲ್ಯಾಣಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಶಿವಯೋಗಪ್ಪ ಮಾತ್ರ ನಗಲಿಲ್ಲ. ಒಪ್ಪಿದೆ ಎಂದೂ ಅನ್ನಲಿಲ್ಲ. ಶುಕ್ರವಾರ ಬೆಳಿಗ್ಗೆ ಯಾರಿಗೂ ಹೇಳದೆ ಕೊಟ್ಟೂರಿಗೆ ಹೋಗಿ, ಎರಡು ದಿನ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂತ. ಗಿರಾಕಿಗಳ ಮಾತು ಕೇಳಿದ, ತಂತಿ ಸುತ್ತುವ ಆ ಕೈಗಳನ್ನು ನೋಡಿದ. ಭಾನುವಾರ ಮನೆಗೆ ಬಂದು ಕಾಲು ತೊಳೆಯುತ್ತ ಹೇಳಿದ.

“ಏಳು ಮೋಟರು ಕೊಟ್ಟ. ಒಂದೂ ತಪ್ಪಲಿಲ್ಲ. ವೈಶಾಖಕ್ಕ ಚಪ್ಪರ ಹಾಕಸ್ರಿ.”

ಮುಂದಿನ ಮಂಗಳವಾರ ಗುರುಬಸವರಾಜ ಬಂದಾಗ, ಶಾಂಭವಿ ಅವನನ್ನು ಹೋಟೆಲಿಗೆ ಕರೆದೊಯ್ಯಲಿಲ್ಲ. ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ, ಬೇವಿನ ಮರದ ಕೆಳಗೆ ನಿಂತಳು. ಹಡಗಲಿ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಹಾಡುಹಗಲು. ಗುರುತಿನವರು ಹತ್ತು ಜನ ಸುತ್ತಮುತ್ತ ಇದ್ದರು.

“ನನಗ ನೀವಾ ಬೇಕು,” ಅಂದಳು. “ಬ್ಯಾರೆ ಯಾರೂ ಬ್ಯಾಡ.”

ಅವನು ಅವಳನ್ನೇ ನೋಡುತ್ತ ನಿಂತ. ಆಮೇಲೆ ಕೇಳಿದ. “ಏನಂದ್ರಿ?”

ಅವಳ ಹುಬ್ಬು ಗಂಟಿಕ್ಕಿತು. “ಇಷ್ಟರಾಗ ಮರ್ತಿರೇನು?”

“ಇಲ್ರಿ.” ಈ ಸಲ ಅವನ ನಗು ಅರ್ಧಕ್ಕೆ ನಿಲ್ಲಲಿಲ್ಲ. “ಇನ್ನೊಮ್ಮೆ ಕೇಳಬೇಕನಿಸ್ತು.”

ಅವಳು ಅವನ ಕಣ್ಣನ್ನು ಅನುಮಾನದಿಂದ ನೋಡಿದಳು, ಒಂದರ ನಂತರ ಇನ್ನೊಂದನ್ನು. ನಿಜವೋ ತುಂಟತನವೋ ತಿಳಿಯಲಿಲ್ಲ. ತಿಳಿಯುವ ಆತುರವೂ ಇರಲಿಲ್ಲ. ಹತ್ತಿರ ಬಂದು, ಇನ್ನೊಮ್ಮೆ ಹೇಳಿದಳು.