ಒಣಗದ ನೀಲಿ

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವಳು. ಇಲ್ಲದ್ದನ್ನು ಸೇರಿಸಿ ಹೇಳುವ ಅಭ್ಯಾಸವಿಲ್ಲ. ಆನ್‌ಲೈನ್‌ನಲ್ಲಿ ನನ್ನದೊಂದು ಪುಟವಿದೆ. ಎಲೆಗಳ ಫೋಟೊ, ನಾನು ಬರೆದ ಚಿತ್ರ, ಮೆಚ್ಚಿನ ಧಾರಾವಾಹಿಯ ನಾಯಕನ ಬಗೆಗಿನ ಹುಚ್ಚು, ಎಲ್ಲ ಅಲ್ಲಿರುತ್ತವೆ.

ಒಮ್ಮೆ ಹಿತ್ತಲಿನ ಮರದ ಚಿತ್ರ ಬರೆದು ಪುಟಕ್ಕೆ ಹಾಕಿದೆ. 'ಮರದ ಪಕ್ಕ ನಾಯಕ ಬೆನ್ನು ತಿರುಗಿಸಿ ನಿಂತಿರುವುದು ಅದ್ಭುತ' ಎಂದು ಹಲವರು ಹೊಗಳಿದರು. ನಾನು ಬರೆದದ್ದು ಬರೀ ಮರ. ಮೇಜಿನ ಮೇಲಿದ್ದ ಹಾಳೆ ನೋಡಿದರೆ ಅವನು ನಿಂತಿದ್ದ. ಹಾಳೆ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿತ್ತು. ಮರದ ಬಣ್ಣ ಒಣಗಿತ್ತು, ಅವನ ಅಂಗಿಯ ನೀಲಿ ಇನ್ನೂ ಹಸಿಯಾಗಿತ್ತು. ಇದು ನನ್ನದಲ್ಲ ಎನ್ನಬೇಕಿತ್ತು. 'ಧನ್ಯವಾದ' ಎಂದು ಬರೆದೆ. ಆಮೇಲೆ ಪ್ರತಿ ಚಿತ್ರದಲ್ಲೂ ಅವನು ಬಂದ. ನಾನು ಹೊಗಳಿಕೆ ಪಡೆಯುತ್ತಲೇ ಹೋದೆ.

ಒಂದು ಭಾನುವಾರ ಅಕ್ಕ ಬಂದಳು. "ನಿನ್ನ ಎಲೆ ಯಾರಿಗೆ ಬೇಕು ಕಣೆ, ಜನ ಬರೋದು ಆ ಬೆನ್ನು ನೋಡೋಕೆ. ನನ್ನೆದುರಿಗೇ ಒಂದು ಬರಿ ನೋಡೋಣ."

"ಕೈ ನೋಯ್ತಿದೆ ಅಕ್ಕ."

ನಾನು ಬೆಳಿಗ್ಗೆ ಖಾಲಿ ಇಟ್ಟಿದ್ದ ಹಾಳೆಯನ್ನು ಅವಳು ಎತ್ತಿಕೊಂಡಳು. "ಸುಳ್ಳುಬುರುಕಿ, ಆಗಲೇ ಬರೆದಿಟ್ಟಿದ್ದೀಯಲ್ಲ. ಈ ಸಲ ಇತ್ತ ತಿರುಗಿದಾನೆ. ನಿನ್ನ ನಾಯಕ ಅಲ್ವಲ್ಲೇ, ಯಾರಿವನು?"

ಅವಳ ಬೆರಳ ತುದಿ ನೀಲಿಯಾಗಿತ್ತು. ಆ ಮುಖವನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಸುಮ್ನೆ, ಊಹಿಸ್ಕೊಂಡು ಬರೆದೆ" ಎಂದು ಅವಳೆದುರೇ ಕೆಳಗೆ ಸಹಿ ಹಾಕಿದೆ.

ಸಹಿ ಅಂದೇ ಒಣಗಿತು. ನೀಲಿ ಇವತ್ತಿಗೂ ಕೈಗೆ ಅಂಟುತ್ತದೆ.