ಬ್ರೇಕ್ ಕೆಲಸದ ದಿನ

"ನೀವಾ...?"

ಪಂಪಿನ ಮೋಟಾರು ಬಿಚ್ಚುತ್ತ ಕುಳಿತಿದ್ದವನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

ಶೆಡ್ಡಿನ ಬಾಗಿಲಲ್ಲಿ ಅವಳು ನಿಂತಿದ್ದಳು. ನಾಲ್ಕು ವರ್ಷದ ಹಿಂದೆ, ತನ್ನ ಅಣ್ಣನ ಹೆಣ ಅಂಗಳದಲ್ಲಿದ್ದಾಗಲೇ, ಬೀದಿಯವರೆಲ್ಲರ ಎದುರು ಇವನ ಕೆನ್ನೆಗೆ ಬಾರಿಸಿದವಳು. ಅದಕ್ಕೂ ಎರಡು ತಿಂಗಳ ಹಿಂದೆ ಇವನನ್ನೇ ಮದುವೆಯಾಗುತ್ತೇನೆಂದು ಮನೆಯಲ್ಲಿ ಹಠ ಹಿಡಿದು ಗೆದ್ದವಳು!

"ನಾನೇ. ಗತಿ ಇಲ್ಲದೆ ಬಂದೆ. ಇಲ್ಲದಿದ್ರೆ ಈ ಕಡೆ ತಲೆ ಹಾಕಿಯೂ ಮಲಗ್ತಿರಲಿಲ್ಲ."

'ಎಷ್ಟು ಸೊರಗಿದ್ದಾನೆ...' ಎಂದು ಅವಳ ಮನಸ್ಸು ಒಂದು ಕ್ಷಣ ಮರುಗಿತು. ಅವಳು ಅದನ್ನು ಅಲ್ಲೇ ಗದರಿದಳು. 'ಮರುಗಬೇಡ! ಅಣ್ಣನನ್ನು ಕೊಂದ ಕೈ ಅದು.'

"ಅಣ್ಣನ ಗಾಡಿ ಓಡೋ ಹಾಗೆ ಆಗ್ಬೇಕು," ಎಂದಳು.

"ಆ ಗಾಡೀನ? ಯಾಕೆ?"

"ಅಪ್ಪನ ಶ್ವಾಸಕೋಶ ಪೂರ್ತಿ ಹಾಳಾಗಿದೆ. ಹೆಚ್ಚು ದಿನ ಇಲ್ಲ ಅಂದಿದಾರೆ ಆಸ್ಪತ್ರೇಲಿ. ಮಗನ ಗಾಡಿ ಗುಜರಿಗೆ ಹೋಗೋದನ್ನ ನೋಡಿ ನಾನು ಸಾಯಲ್ಲ, ಅದರ ಸದ್ದು ಕೇಳ್ಕೊಂಡೇ ಹೋಗ್ತೀನಿ ಅಂತ ಒಂದೇ ಹಠ. ಮೂರು ಗ್ಯಾರೇಜಿನವರು ಬಂದು ನೋಡಿ ಕೈ ಎತ್ತಿದ್ರು. ಹಾಗಾದ್ರೆ ಅವನನ್ನೇ ಕರಿ ಅಂದ್ರು ಅಪ್ಪ."

ಅವನು ಬಿದ್ದ ಸ್ಪ್ಯಾನರನ್ನು ಎತ್ತಿಕೊಂಡ. ದೊಡ್ಡ ಬೈಕುಗಳೆಂದರೆ ಒಂದು ಕಾಲದಲ್ಲಿ ಊರಿಗೆಲ್ಲ ಇವನೇ. ಈಗ ಇವನ ಕೈಗೆ ಸೈಕಲ್ ಕೊಡಲೂ ಜನ ಹೆದರುತ್ತಿದ್ದರು. 'ಬ್ರೇಕ್ ಬಿಚ್ಚಿಟ್ಟು ಹೇಳೋಕೆ ಮರೆತವನು' ಎಂದೇ ಊರು ಅವನನ್ನು ಗುರುತಿಸುತ್ತಿತ್ತು. ಹಾಗಾಗಿ ಪಂಪು, ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದ.

"ನಾಳೆ ಬರ್ತೀನಿ," ಎಂದ.

ಅವಳ ಮನೆಯ ಜಗಲಿಗೆ ಎದುರಾಗಿದ್ದ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಗಾಡಿ ಬಿದ್ದುಕೊಂಡಿತ್ತು. ವೇಗವೂ ಬೇಕು, ದೂರವೂ ಬೇಕು ಎನ್ನುವವರ ಗಾಡಿ ಅದು. ಎದುರಿಗೆ ಗಾಳಿ ತಡೆಯುವ ದೊಡ್ಡ ಕವಚ, ಹಿಂದೆ ಎರಡೂ ಬದಿಗೆ ಪೆಟ್ಟಿಗೆ. ಹಿಂದೆ ಮೂವರು ಓಡಿಸಿ ಬಿಟ್ಟದ್ದನ್ನು ಅಣ್ಣ ಕೊಂಡು ತಂದಾಗ ಅಪ್ಪ "ಇದು ಬೈಕಾ, ನಮ್ಮ ಡಿಪೋದ ಬಸ್ಸಾ?" ಎಂದು ನಕ್ಕಿದ್ದರು. ಅಪ್ಪ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು.

ಈಗ ಅದರ ಬಲಗಡೆ ಕವಚ ಪುಡಿಯಾಗಿತ್ತು. ಅಣ್ಣ ಲಾರಿಗೆ ಗುದ್ದಿದ ಬದಿ ಅದು.

ಅವನು ಅದನ್ನು ಮುಟ್ಟುವ ಮೊದಲು ಸುಮ್ಮನೆ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಅವಳು ಬಾಗಿಲಿಗೆ ಒರಗಿ ಕಾವಲು ನಿಂತಳು.

"ಡ್ಯೂಟಿ ಇಲ್ವಾ?"

"ಮಧ್ಯಾಹ್ನದ ಮೇಲೆ ಲ್ಯಾಬಿಗೆ ಹೋಗ್ತೀನಿ. ಬೆಳಗ್ಗೆ ನೀವು ಕೆಲಸ ಮಾಡೋವಾಗ ನಾನು ಇಲ್ಲೇ ಇರ್ತೀನಿ. ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ."

"ಸರಿ."

ಅಷ್ಟೇ! ಎದುರು ಮಾತಿಲ್ಲ, ಸಿಟ್ಟಿಲ್ಲ. ಅವಳಿಗೆ ಇನ್ನಷ್ಟು ಮೈ ಉರಿಯಿತು.

ಟ್ಯಾಂಕಿನ ಪೆಟ್ರೋಲು ಅಂಟಾಗಿ ಹೋಗಿತ್ತು. ನಾಲ್ಕು ಕಾರ್ಬ್ಯುರೇಟರುಗಳನ್ನು ಬಿಚ್ಚಿ, ಕೂದಲೆಳೆಯಂಥ ತೂತುಗಳನ್ನು ತಂತಿಯಿಂದ ಒಂದೊಂದಾಗಿ ಬಿಡಿಸಿದ. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು. ಟೈರು ನೋಡಲು ಹೊಸದರಂತಿದ್ದರೂ ಪಕ್ಕದಲ್ಲೆಲ್ಲ ಬಿರುಕು. ಮುಂದಿನ ಫೋರ್ಕಿನಿಂದ ಎಣ್ಣೆ ಸೋರಿ ನೆಲ ಕಪ್ಪಾಗಿತ್ತು.

ಅಪ್ಪ ಜಗಲಿಯ ಮಂಚದಲ್ಲಿ ಆಕ್ಸಿಜನ್ ಕೊಳವೆ ಹಾಕಿಕೊಂಡು ಮಲಗಿರುತ್ತಿದ್ದರು. ಮೊದಲ ವಾರ ಅವನ ಕಡೆ ಮುಖ ಕೂಡ ತಿರುಗಿಸಲಿಲ್ಲ. ಎಂಟನೇ ದಿನ ತಡೆಯಲಾಗಲಿಲ್ಲ.

"ಏಯ್, ಆ ಫೋರ್ಕಿನ ಸೀಲ್ ಓರೆ ಕೂತಿದೆ. ಕಣ್ಣು ಎಲ್ಲಿಟ್ಟಿದ್ದೀಯ?"

"ನೋಡಿದೆ ಮಾವ... ತೆಗೀತಿದೀನಿ."

ಮಾವ! ಬಾಯಿ ತಪ್ಪಿ ಬಂದ ಮಾತು. ಮೂವರೂ ಕೇಳಿಸದವರಂತೆ ಕುಳಿತರು.

ಅವಳನ್ನು ಅಣ್ಣ 'ಫಿನಾಯಿಲು' ಎಂದು ಕರೆಯುತ್ತಿದ್ದ. ಎಲ್ಲಿ ಕೊಳೆ ಕಂಡರೂ ಒರೆಸುವ, ತೊಳೆಯುವ ಚಟ ಅವಳಿಗೆ. ಇವನೂ ಜೊತೆ ಸೇರಿ ನಗುತ್ತಿದ್ದ. ಆ ನಗು ನೆನಪಾದರೆ ಅವಳಿಗೆ ಅಳು ಬರುತ್ತಿತ್ತು, ಅಳು ಬಂದರೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಮೂರನೇ ವಾರ ಎಂಜಿನ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ... ಹತ್ತಿಕೊಂಡಿತು! ಅಪ್ಪ ಮಂಚದ ಮೇಲೆ ಎದ್ದು ಕುಳಿತು, ಕೊಳವೆ ಕಿತ್ತೆಸೆದು ಮಗುವಿನ ಹಾಗೆ ಅತ್ತರು.

ಅವನು ಎಂಜಿನ್ ಆರಿಸಿ, ಅವಳ ಕಡೆ ನೋಡದೆ ಹೇಳಿದ. "ನಾಳೆ ಬ್ರೇಕ್ ಕೆಲಸ. ನೀವು... ನಾಳೆ ಬೆಳಗ್ಗೇನೇ ಲ್ಯಾಬಿಗೆ ಹೋಗ್ಬಿಡಿ."

"ಯಾಕೆ?"

"ಸುಮ್ನೆ. ನೀವಿರೋದು ಬೇಡ."

'ಇಪ್ಪತ್ತು ದಿನ ಕಾವಲು ನಿಂತಿದ್ದೇನೆ. ಬ್ರೇಕಿನ ದಿನವೇ ನಾನು ಇರಬಾರದಾ? ಮತ್ತೆ ಏನು ಎಡವಟ್ಟು ಮಾಡಲು ಹೊರಟಿದ್ದಾನೆ?' ಅವಳಿಗೆ ಅನುಮಾನ ಹತ್ತಿತು. ಆಗಲಿ ಎಂದು ತಲೆಯಾಡಿಸಿದಳು. ಮರುದಿನ ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಟವಳು ಲ್ಯಾಬಿಗೆ ರಜೆ ಹೇಳಿ, ಹನ್ನೊಂದಕ್ಕೆಲ್ಲ ವಾಪಸ್ ಬಂದಳು.

ಕೊಟ್ಟಿಗೆಯಲ್ಲಿ ಅವನಿರಲಿಲ್ಲ. ಗಾಡಿ ಅಂಗಳಕ್ಕೆ ಬಂದಿತ್ತು. ಅದರ ಮುಂದಿನ ಬ್ರೇಕಿನ ಹಿಡಿಗೆ ಜಿಡ್ಡು ಮೆತ್ತಿದ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಲಾಗಿತ್ತು.

'ಥೂ, ಎಂಥ ಕೊಳಕು...' ಎಂದುಕೊಳ್ಳುತ್ತಲೇ ಅವಳ ಕೈ ಗಂಟು ಬಿಚ್ಚಲು ಹೋಯಿತು.

"ಮುಟ್ಟಬೇಡ!"

ಅಪ್ಪನ ಎದೆಯಲ್ಲಿ ಅಷ್ಟು ದನಿ ಉಳಿದಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಬ್ರೇಕ್ ಬಿಚ್ಚಿದೆ ಅಂತ ಗುರುತು ಅದು. ಎರಡೂ ಬ್ರೇಕಿನ ಹಳೇ ಆಯಿಲ್ ಇಳಿಸಿದಾನೆ, ಹೊಸದು ತರೋಕೆ ಹೋಗಿದಾನೆ. ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟಬಾರದು. ನಮ್ಮ ಡಿಪೋ ಪದ್ಧತಿ. ಅವನಿಗೂ ನಿಮ್ಮಣ್ಣನಿಗೂ ನಾನೇ ಕಲಿಸಿದ್ದು." ಅಪ್ಪ ಏದುಸಿರು ಬಿಟ್ಟರು. "ಅವತ್ತು ಇದನ್ನ ಕಟ್ಟೋಕೆ ಮರೆತ ಪಾಪಿ. ಕಟ್ಟಿದ್ರೆ ನನ್ನ ಮಗ ಗಾಡಿ ಹತ್ತುತ್ತಲೇ ಇರಲಿಲ್ಲ..."

ಅವಳ ಕೈ ಗಾಳಿಯಲ್ಲೇ ನಿಂತಿತು.

ಅವತ್ತು...

ಅವತ್ತು ಅಣ್ಣ ಸ್ನಾನಕ್ಕೆ ಹೋಗಿದ್ದ. ಅವಳು ಗಾಡಿ ಒರೆಸಲು ಬಂದಿದ್ದಳು. ಹಿಡಿಗೆ ಒಂದು ಕೆಂಪು ಬಟ್ಟೆ ಇತ್ತು. ಕೊಳಕಾಗಿತ್ತು. ಬಿಚ್ಚಿದಳು... ಸೋಪು ಹಾಕಿ ಒಗೆದು, ಹಿಂದಿನ ತಂತಿಗೆ ಹಾಕಿದಳು. ಕೈ ಒರೆಸಿಕೊಳ್ಳುವಾಗ ಗಾಡಿ ಇಳಿಜಾರಿನ ಕಡೆ ಹೊರಟ ಸದ್ದು ಕೇಳಿತ್ತು.

ಒಂದು ಬಟ್ಟೆಚೂರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳೂ ಮರೆತಿದ್ದಳು. ಇವತ್ತಿನವರೆಗೆ.

ಗೇಟಿನ ಸದ್ದಾಯಿತು. ಆಯಿಲ್ ಡಬ್ಬಿ ಹಿಡಿದು ಬಂದವನು ಅವಳನ್ನೂ, ಅವಳ ಕೈಯನ್ನೂ ನೋಡಿ ಬಿಳಿಚಿಕೊಂಡ.

ಅವಳು ಅವನ ತೋಳು ಹಿಡಿದು ಕೊಟ್ಟಿಗೆಯೊಳಗೆ ಎಳೆದೊಯ್ದಳು.

"ಅವತ್ತು ನೀನು ಕಟ್ಟಿದ್ದೆ."

"ಇಲ್ಲ. ಮರೆತಿದ್ದೆ."

"ಕಟ್ಟಿದ್ದೆ! ಬಿಚ್ಚಿದ್ದು ನಾನು. ನಿನಗೆ ಗೊತ್ತಿತ್ತಾ?"

ಅವನು ಡಬ್ಬಿಯನ್ನು ನೆಲಕ್ಕಿಟ್ಟ. "ಆಯಿಲ್ ತಗೊಂಡು ವಾಪಸ್ ಬಂದಾಗ ಅಂಗಳದ ತುಂಬ ಜನ. ಹಿಂದಿನ ತಂತಿ ಮೇಲೆ ಬಟ್ಟೆ ನೀರು ಸುರಿಸ್ತಾ ಇತ್ತು. ಈ ಮನೇಲಿ ಒಗೆಯೋರು ಬೇರೆ ಯಾರಿದಾರೆ? ತೆಗೆದು ಜೇಬಿಗೆ ಹಾಕ್ಕೊಂಡೆ. ಹೇಳೋಕೆ ಮರೆತೆ ಅಂತ ಎಲ್ಲರ ಹತ್ರ ಹೇಳ್ಬಿಟ್ಟೆ."

"ಯಾಕೆ... ಯಾಕೋ?"

"ನೀನು ನನ್ನ ದ್ವೇಷಿಸಿದ್ರೆ ಬದುಕಿರ್ತೀಯ ಅಂತ ಗೊತ್ತಿತ್ತು. ನಿನ್ನನ್ನೇ ದ್ವೇಷಿಸ್ಕೊಂಡ್ರೆ... ಬಾವಿಗೆ ಹಾರ್ತಿದ್ದೆ ನೀನು."

ಅವಳು ಎರಡೂ ಕೈಯಿಂದ ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಇದ್ದಳು. "ಯಾರು ನಿನಗೆ ಆ ಅಧಿಕಾರ ಕೊಟ್ಟಿದ್ದು? ಊರೆಲ್ಲ ನಿನ್ನ ಮೇಲೆ ಉಗಿದ್ರು! ನಾನೂ ಉಗಿದೆ! ನಾಲ್ಕು ವರ್ಷ ಒಬ್ಬ ನಿರಪರಾಧೀನ ಶಪಿಸಿದೀನಲ್ಲೋ ನಾನು!"

"ಮಾವನಿಗೆ ಹೇಳಬೇಡ. ಕೈ ಮುಗೀತೀನಿ. ಅವರಿಗೆ ಉಳಿದಿರೋದು ನೀನೊಬ್ಳೇ. ಈ ಕೊನೇ ದಿನಗಳಲ್ಲಿ ನಿನ್ನನ್ನೂ ಕಿತ್ಕೋಬೇಡ ಅವರಿಂದ."

ಅವನು ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಅಪ್ಪ ಮಗಳ ಮಡಿಲಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾರೆ. ಹೇಳಿದರೆ ಮಗಳ ಮುಖವನ್ನೂ ನೋಡದೆ ಹೋಗಬಹುದು. ಆದರೆ ಇವನು? ಸಾಯುವ ಮುದುಕನ ಕಣ್ಣಲ್ಲಿ ಇವನು ಕೊನೆಯವರೆಗೂ ಪಾಪಿಯಾಗಿಯೇ ಉಳಿಯಬೇಕಾ?

ಅವಳು ಮುಖ ಒರೆಸಿಕೊಂಡು ಜಗಲಿಗೆ ನಡೆದಳು.

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಒಗೆದದ್ದು, ಒಣಗಿಹಾಕಿದ್ದು, ಇವನು ಬಚ್ಚಿಟ್ಟದ್ದು. ಅಪ್ಪ ಮಾಡಿನ ಹಂಚು ನೋಡುತ್ತ ಕೇಳಿದರು.

ಆಮೇಲೆ ಅವರ ತುಟಿ ಅಲ್ಲಾಡಿತು.

"ಗಂಡುಮಕ್ಕಳಿಬ್ರನ್ನೂ ಕೂರಿಸ್ಕೊಂಡು ಹೇಳಿಕೊಟ್ಟೆ... ಇದೇ ಅಂಗಳದಲ್ಲಿ. ನೀನು ಅಲ್ಲೇ ನೆಲ ಒರೆಸ್ತಾ ಇದ್ದೆ. ನಿನಗೂ ಹೇಳಬೇಕು ಅಂತ ಈ ಮುದುಕನಿಗೆ ತೋಚಲಿಲ್ಲ ನೋಡು."

"ಅಪ್ಪಾ..."

"ಒಳಗೆ ಹೋಗಮ್ಮ. ಈಗ ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಅವಳು ಹೋದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ಬಾರೋ ಇಲ್ಲಿ," ಎಂದು ಅಪ್ಪ ಅವನನ್ನು ಕರೆದರು. "ನಾಲ್ಕು ವರ್ಷ ದಿನಾ ಬೆಳಗ್ಗೆ ಎದ್ದು ನಿನಗೆ ಸಾವು ಬರಲಿ ಅಂದಿದೀನಪ್ಪ ನಾನು." ಆಮೇಲೆ ಇಬ್ಬರು ಗಂಡಸರು ಅಳುವ ಸದ್ದು. ಅವಳು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮೂರು ದಿನ ಅಪ್ಪ ಅವಳೊಡನೆ ಮಾತಾಡಲಿಲ್ಲ. ಅವಳು ಕೊಟ್ಟ ಗಂಜಿ ಕುಡಿದರು, ಮಾತ್ರೆ ನುಂಗಿದರು, ಗೋಡೆಗೆ ಮುಖ ಮಾಡಿ ಮಲಗಿದರು. ಅವಳು ಬೇಡಿಕೊಳ್ಳಲಿಲ್ಲ. ಬೇಡುವ ಹಕ್ಕು ತನಗಿಲ್ಲ ಅನಿಸಿತ್ತು.

ನಾಲ್ಕನೇ ದಿನ ಬೆಳಗ್ಗೆ ಗಾಡಿ ಗೇಟಿನ ಬಳಿ ಗುಡುಗುಡು ಎನ್ನುತ್ತ ನಿಂತಿತ್ತು. ಅಪ್ಪ ಗೋಡೆಯಿಂದ ಈಚೆ ಹೊರಳಿದರು.

"ಹಿಂದೆ ಹತ್ತಿ ಕೂತ್ಕೋ. ಇಳಿಜಾರಿನ ತನಕ ಹೋಗಿ ಬನ್ನಿ ಇಬ್ರೂ."

"ಅಪ್ಪಾ, ಆ ಇಳಿಜಾರಿಗೆ ಬೇಡ..."

"ಅಲ್ಲಿಗೇ ಹೋಗಬೇಕು. ಬ್ರೇಕ್ ಹೇಗೆ ಹಿಡಿಯುತ್ತೆ ನೋಡ್ಕೊಂಡು ಬಂದು ನೀನೇ ನನಗೆ ಹೇಳಬೇಕು. ನೀನು ಹೇಳಿದ್ರೆ ನಂಬ್ತೀನಿ."

ಅವಳು ಅಪ್ಪನ ಕಾಲು ಮುಟ್ಟಿದಳು. ಅವರು ಕಾಲು ಎಳೆದುಕೊಳ್ಳಲಿಲ್ಲ.

ಅವಳು ಅವನ ಹಿಂದೆ ಹತ್ತಿ ಕುಳಿತಳು. ಇಳಿಜಾರು ಬಂತು. ಕೆಳಗೆ ಮುಖ್ಯರಸ್ತೆಯಲ್ಲಿ ಲಾರಿಗಳು ಓಡುತ್ತಿದ್ದವು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ ಅವನ ಬೆನ್ನಿಗೆ ಹಣೆ ಒತ್ತಿದಳು.

ಗಾಡಿ ನಿಂತಿತು. ಕುಲುಕಾಟವಿಲ್ಲದೆ, ರಸ್ತೆಗೆ ಒಂದು ಮಾರು ಹಿಂದೆ.

ಅವಳು ಕಣ್ಣು ತೆರೆದು ಆ ಜಾಗ ನೋಡಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ಸಿಟ್ಟಿಲ್ಲದ ಅಳು ಬಂತು. ಅವನು ಎಂಜಿನ್ ಆರಿಸಿ, ಅವಳ ಅಳು ಮುಗಿಯುವವರೆಗೆ ಹಿಂದೆ ತಿರುಗದೆ ಕುಳಿತ.

"ನನ್ನ ಕೈ ನೋಡಿದ್ರೆ ನಿನಗೆ ಅಸಹ್ಯ ಆಗಲ್ವಾ?" ಎಂದು ಕೇಳಿದಳು ಕೊನೆಗೆ.

"ಅದೇ ಕೈ ಬೇಕು ಅಂತ ನಾಲ್ಕು ವರ್ಷ ಕಾದಿದೀನಿ ಕಣೇ."

"ನಾನು ದಿನಾ ಅಳ್ತೀನಿ ಇನ್ಮೇಲೆ. ರಾತ್ರಿ ಎದ್ದು ಕೂತ್ಕೋತೀನಿ. ಸುಖ ಇರಲ್ಲ ನಿನಗೆ ನನ್ನ ಜೊತೆ."

"ಒಬ್ನೇ ಎದ್ದು ಕೂತು ಅಭ್ಯಾಸ ಆಗಿದೆ. ಇಬ್ರು ಕೂರೋಣ."

ಅವಳು ಅವನ ಅಂಗಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದಳು.

"ಇನ್ನೊಂದು ಸಲ ನನ್ನ ತಪ್ಪನ್ನ ನೀನು ಹೊತ್ಕೊಂಡ್ರೆ ನೋಡು... ಜೀವಮಾನ ಮಾತಾಡಿಸಲ್ಲ."

"ಇಲ್ಲ."

"ಆಣೆ?"

"ಆಣೆ."

"ನಡಿ ಹಾಗಾದ್ರೆ. ಅಪ್ಪ ಕಾಯ್ತಿದಾರೆ. ಬ್ರೇಕ್ ಚೆನ್ನಾಗಿದೆ ಅಂತ ನಾನೇ ಹೇಳಬೇಕು."