ಚಿವುಟದೆ ಬಿಟ್ಟ ಸಾಲು

ಮೊದಲ ದೋಸೆ ತೆಗೆದು ಎರಡನೆಯದಕ್ಕೆ ಹಿಟ್ಟು ಸುರಿಯುತ್ತಿದ್ದೆ. ಗೇಟಿನ ಹೊರಗೆ ಸ್ಕೂಟರ್ ನಿಂತಿತು.

ಸತೀಶ ಇಷ್ಟು ಬೇಗ ಬರುತ್ತಾರೆಂದು ಎಣಿಸಿರಲಿಲ್ಲ. ತಲೆ ಬಾಚಿರಲಿಲ್ಲ. ನೈಟಿಯ ಮೇಲೊಂದು ಟವೆಲ್ ಹೊದ್ದು, ಸೌಟು ಕೈಯಲ್ಲಿರುವುದನ್ನೂ ಮರೆತು, ಬರುವ ನಗುವನ್ನು ತುಟಿಯಲ್ಲೇ ಕಚ್ಚಿಕೊಂಡು ಹಿತ್ತಿಲಿಗೆ ಓಡಿದೆ.

ಅವರು ಬಾವಿಯ ಬದಿಯ ಕಾಮಕಸ್ತೂರಿ ಸಾಲಿನೆದುರು ನಿಂತಿದ್ದರು. ಸಾಲಿನಲ್ಲಿ ಒಂದೇ ಒಂದು ಹೂವಿರಲಿಲ್ಲ.

ನಿನ್ನೆ ಸಂಜೆ ನೀರು ಹಾಕುವಾಗ ಇದ್ದವು.

ಸತೀಶ ಸದಾಶಿವಗಡದವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಎಲೆ, ಹೂವುಗಳನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಅದನ್ನು ಸೋಪಿಗೆ, ಮುಖದ ಕ್ರೀಮಿಗೆ ಬೆರೆಸಿ ಗೋವೆಯ ಅಂಗಡಿಗಳಿಗೆ ಕೊಡುತ್ತಾರೆ. ಶೆಟಗೇರಿಯ ನನ್ನ ಹಿತ್ತಿಲಿಗೆ ಅವರು ಬಂದದ್ದು ಕಾಮಕಸ್ತೂರಿ ಹುಡುಕಿಕೊಂಡು.

ನಾನು ಅದನ್ನು ಬೆಳೆಯುತ್ತಿದ್ದದ್ದು ಅಂಕೋಲೆ ಪೇಟೆಯ ಹೂವಿನವರಿಗೆ. ಅಬ್ಬಲಿಗೆ ದಂಡೆಯ ನಡುನಡುವೆ ಪರಿಮಳಕ್ಕೆಂದು ಹಸಿರು ಕುಡಿ ಇಟ್ಟು ಕಟ್ಟುತ್ತಾರಲ್ಲ, ಅದಕ್ಕೆ. ಕುಡಿ ಬೇಕೆಂದರೆ ಗಿಡ ಹೂ ಬಿಡಬಾರದು. ಕಂಡ ಹೂವನ್ನೆಲ್ಲ ಚಿವುಟಬೇಕು. ಮಗಳು ನಾಗಶ್ರೀಗೆ ಅಕ್ಷರಕ್ಕಿಂತ ಮೊದಲು ನಾನು ಕಲಿಸಿದ ಕೆಲಸ ಅದು.

"ಎಂಥ ಕೆಲಸ ಮಾಡ್ತೀರಿ ಬಾಯಿ," ಅಂದಿದ್ದರು ಸತೀಶ, ಮೊದಲ ದಿನವೇ. ಅವರ ಕಡೆ ಪರಿಚಯವಿಲ್ಲದ ಹೆಂಗಸನ್ನು ಹಾಗೇ ಕರೆಯುವುದು. "ಎಣ್ಣೆ ಜೀವ ಇರೂದೇ ಹೂವಲ್ಲಿ. ಅದನ್ನೇ ಚಿವುಟಿ ಬಿಸಾಕ್ತೀರಲ್ಲಾ."

"ಹೂವು ನೋಡ್ತಾ ಕೂತ್ರೆ ನನ್ನ ಮನೇಲಿ ಅನ್ನ ಬೇಯೂದಿಲ್ಲ."

ಅವರು ನಕ್ಕರು. ನಗುವಾಗ ಅವರು ನೆಲ ನೋಡುತ್ತಾರೆ.

ಹೊಸ ಕ್ರೀಮ್ ಮಾಡಿದಾಗ ನನಗೊಂದು ಡಬ್ಬಿ ತಂದುಕೊಟ್ಟರು. "ಮುಖಕ್ಕೆ ಹಚ್ಚೂಕೆ ಮೊದ್ಲು ಮೊಣಕೈ ಒಳಗೆ ಹಚ್ಚಿ ನೋಡಿ. ಕಾಮಕಸ್ತೂರಿ ಎಣ್ಣೆ ಒಂದು ಹನಿ ಹೆಚ್ಚಾದ್ರೂ ಉರೀತದೆ."

ಮರುದಿನ ಕಾಳಿ ಸೇತುವೆ, ಕಾರವಾರ ಎಲ್ಲ ದಾಟಿ ಅದೊಂದನ್ನೇ ಕೇಳಲು ಬಂದರು.

"ಕೆಂಪಾಯ್ತಾ?"

"ಇಲ್ಲ."

"ಸರೀ ನೋಡಿದ್ರಾ?"

ನಾನು ತೋಳು ಚಾಚಿದೆ. ಅವರು ಮುಟ್ಟಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಹುಡುಗನ ಹಾಗೆ ಬಗ್ಗಿ ನೋಡಿದರು. ಕ್ರೀಮಿನಿಂದ ಕೆಂಪಾಗದ ಜಾಗ ಅವರ ಉಸಿರಿಗೆ ಬೆಚ್ಚಗಾಯಿತು.

ಆಮೇಲೆ ಅವರು ನನ್ನನ್ನು ಬಾಯಿ ಎನ್ನುವುದನ್ನು ಬಿಟ್ಟರು. ಬೇರೆ ಏನೆಂದೂ ಕರೆಯಲಿಲ್ಲ. ಸುಮ್ಮನೆ ನೋಡಿ ಮಾತು ಶುರುಮಾಡುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಹೋದ ಸಲ ಬಂದಾಗ ಮಾತ್ರ ತುಂಬ ಹೊತ್ತು ಗೋಣಿಚೀಲದ ಬಾಯಿ ಕಟ್ಟುತ್ತಲೇ ಇದ್ದರು.

"ಮನೇಲಿ ಕಾಣಕೋಣದ ಸಂಬಂಧ ನೋಡಿದಾರೆ. ಬರೂ ಗುರುವಾರ ಮಾತು ಕೊಡ್ಬೇಕಂತೆ."

ನಾನು ಬಾವಿಯ ಹಗ್ಗ ಸುತ್ತತೊಡಗಿದೆ.

"ನಿಮಗೆ ಹೇಳೂಕೆ ಆಗೂದಿಲ್ಲ, ನಂಗೆ ಕೇಳೂಕೆ ಆಗೂದಿಲ್ಲ. ಬಾವಿ ಬದಿ ಸಾಲು ಒಂದು ಚಿವುಟದೆ ಬಿಡಿ. ಗುರುವಾರ ಬರ್ತೆ. ಹೂ ಇದ್ರೆ ನಮ್ಮ ಆಯಿಗೆ ಹೇಳ್ತೆ. ಇಲ್ದಿದ್ರೆ ಎಲೆ ತಕಂಡು ಹೋಗ್ತೆ. ಮತ್ತೆ ಯಾವತ್ತೂ ಕೇಳೂದಿಲ್ಲ."

ಬಿಟ್ಟೆ. ಅಭ್ಯಾಸಬಲದಿಂದ ಮುಂದೆ ಹೋದ ಉಗುರನ್ನು ಎಷ್ಟು ಸಲ ಹಿಂದೆ ಎಳೆದುಕೊಂಡೆನೋ. ಬೆಳ್ಳನೆಯ ಸಣ್ಣ ಹೂವುಗಳು ತೆನೆತೆನೆಯಾಗಿ ಬಂದವು. ನನ್ನ ಹಿತ್ತಿಲಿನಲ್ಲಿ ಜೇನುಹುಳದ ಸದ್ದನ್ನು ಕೇಳಿದ್ದು ಅದೇ ಮೊದಲು.

ಪಕ್ಕದ ಮನೆಯ ಮಂಜಿಗೆ ಬೇಲಿಯಾಚೆಯಿಂದಲೇ ಅರ್ಥವಾಗಿಬಿಟ್ಟಿತು.

"ಉಗುರಿಗೆ ಎಂತಾ ಆಯ್ತೇ ಸುಮಲತಾ? ಸದಾಶಿವಗಡದ ಗಾಳಿ ಬಡೀತಾ?"

"ಹೋಗೇ ಮಾರಾಯ್ತಿ."

"ಹೋಗ್ತೆ, ಹೋಗ್ತೆ. ಹೊಸಬ ಬಂದ್ಮೇಲೆ ಹರಿಶ್ಚಂದ್ರನ ಫೋಟೋ ಎಲ್ಲಿ ಇಡ್ತೀಯೇ? ಪೆಟ್ಟಿಗೇಲಾ?"

ಹರಿಶ್ಚಂದ್ರ ನನ್ನ ಗಂಡ. ನಾಗಶ್ರೀ ಇನ್ನೂ ತೊದಲು ಮಾತಾಡುತ್ತಿದ್ದಾಗ ಹೆದ್ದಾರಿಯಲ್ಲಿ ಲಾರಿಯಡಿ ಹೋದವರು. ಅವರ ಫೋಟೋಕ್ಕೆ ಶಾಲೆಗೆ ಹೋಗುವ ಮುನ್ನ ಮಗಳು ದಿನವೂ ಒಂದು ಕುಡಿ ಸಿಕ್ಕಿಸುತ್ತಾಳೆ. ಮಂಜಿಯ ಮಾತಿಗೆ ನಾನು ನಕ್ಕೆ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ ನಾಗಶ್ರೀ ನಗಲಿಲ್ಲ. ಅದನ್ನು ನೋಡಿಯೂ ನಾನು ಒಳಗೆ ಹೋದೆ.

ಈಗ ಸತೀಶ ನನ್ನ ಮುಖ ನೋಡುತ್ತಿರಲಿಲ್ಲ.

"ಉತ್ತರ ಸಿಕ್ತು," ಅಂದರು.

ನಾನಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಾಗಶ್ರೀ ಕಂಡಳು. ಇನ್ನೂ ಮುಖ ತೊಳೆದಿಲ್ಲ. ಎರಡೂ ಕೈ ಬೆನ್ನ ಹಿಂದೆ. ಲಂಗದ ಅಂಚಿಗೆ ಬೆಳ್ಳನೆಯ ಎರಡು ಹೂವು ಅಂಟಿಕೊಂಡಿವೆ. ಕಣ್ಣು ಮಾತ್ರ ನನ್ನ ತುಟಿಯ ಮೇಲೆ, ತನ್ನ ಹೆಸರು ಹೊರಗೆ ಬೀಳುವುದನ್ನು ಕಾಯುತ್ತ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗು ಮಾಡಿದ್ದು, ನಾನು ಹೂ ಬಿಟ್ಟೇ ಇದ್ದೆ, ಅಂತ. ಅವರು ನಗುತ್ತಿದ್ದರು, ನೆಲ ನೋಡಿ. ಆದರೆ ಆಮೇಲೆ ಈ ಮನೆಯಲ್ಲಿ ಅವರನ್ನು ಕಂಡಾಗಲೆಲ್ಲ ಈ ಹುಡುಗಿಗೆ ತಾನು ಸೋತ ಬೆಳಗು ನೆನಪಾಗುತ್ತಿತ್ತು.

"ಹೌದು," ಅಂದೆ. "ನಾನೇ ಚಿವುಟಿದೆ."

"ಪೂರ್ತಿ?"

"ಪೂರ್ತಿ."

ಅವರು ತಲೆಯಾಡಿಸಿದರು. ಸ್ಕೂಟರಿನಿಂದ ಗೋಣಿಚೀಲ ತಂದರು.

"ಹಾಗಾದ್ರೆ ಎಲೆ ಕೊಡಿ, ಬಾಯಿ."

ಎಷ್ಟೋ ತಿಂಗಳ ಮೇಲೆ ಕೇಳಿದ ಆ ಕರೆ ಮೊಣಕೈಯ ಒಳಮಡಿಕೆಯಲ್ಲಿ ಉರಿಯಿತು. ನಾನು ಕೊಯ್ದು ಕೊಟ್ಟೆ, ಅವರು ತುಂಬಿಕೊಂಡರು. ಒಬ್ಬರ ಕೈ ಇನ್ನೊಬ್ಬರಿಗೆ ತಾಗದಂತೆ ಇಬ್ಬರೂ ಜಾಗ್ರತೆ ವಹಿಸಿದೆವು. ಗೇಟು ದಾಟುವಾಗ ಅವರು ತಿರುಗಿ ನೋಡಿದ್ದರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ. ಅವರು ತಿರುಗಲಿಲ್ಲ.

ಒಳಗೆ ಬಂದರೆ ದೋಸೆ ಕಾವಲಿಗೆ ಕಪ್ಪಗೆ ಹತ್ತಿತ್ತು. ಕೆರೆದು ತೆಗೆದೆ. ಹೊಸದೊಂದು ಹೊಯ್ದು ಬೆಲ್ಲ ಹಾಕಿ ಕೊಟ್ಟೆ. ನಾಗಶ್ರೀ ಅರ್ಧ ತಿಂದಳು.

ಜಡೆ ಹೆಣೆಯಲು ಅವಳನ್ನು ಕಾಲುಗಳ ನಡುವೆ ಕೂರಿಸಿಕೊಂಡೆ. ಬೈತಲೆ ಎರಡು ಸಲ ಸೊಟ್ಟಗಾಯಿತು. ಅವಳು ಅಂಗೈಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆ ರಸ ಉಗುರಿನೊಳಗೆ ಕೂತರೆ ಸೋಪಿಗೂ ಬಿಡುವುದಿಲ್ಲ.

"ಆಯಿ."

"ಹ್ಞೂಂ."

"ಸತೀಶ ಮಾಮ ಇನ್ನು ಬರೂದಿಲ್ವಾ?"

"ತಲೆ ಅಲ್ಲಾಡಿಸಬೇಡ. ರಿಬ್ಬನ್ ಕೊಡು."

ರಿಬ್ಬನ್ ಕೊಟ್ಟಳು. ಗಂಟು ಹಾಕಿದ ಮೇಲೂ ಏಳಲಿಲ್ಲ. ಎದುರಿನ ಗೋಡೆಯಲ್ಲಿದ್ದ ಅಪ್ಪನ ಫೋಟೋವನ್ನು ನೋಡುತ್ತ, ನನ್ನ ಕಡೆ ತಿರುಗದೆಯೇ ಕೇಳಿದಳು:

"ಚಿವುಟಿದ್ದು ನಾನಲ್ವಾ ಆಯಿ? ನೀ ಎಂತಕ್ಕೆ ಹಾಗೆ ಹೇಳ್ದೆ?"